ಟೆನ್ನೆಸಿಯ ಮುಳುಗಡೆ

ಪ್ರಶ್ನೆ: 1930ರ ದಶಕದ ಮಹಾ ಆರ್ಥಿಕ ಕುಸಿತದಿಂದ ಅಮೆರಿಕವನ್ನು ಮೇಲೆತ್ತಿದ್ದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ‘ನ್ಯೂ ಡೀಲ್’ ಸುಧಾರಣೆಗಳೋ, ಎರಡನೆಯ ಮಹಾಯುದ್ಧವೋ? ಅವರ ಕಾಲದ ಟೆನ್ನೆಸಿ ಕಣಿವೆಯ ಅಣೆಕಟ್ಟೆಗಳಿಂದಲೂ ನಮ್ಮ ಶರಾವತಿಯಂತೆ ಊರುಗಳು ಮುಳುಗಿದವೇ?
— ಓದುಗರೊಬ್ಬರು, ಸಾಗರ

ಉತ್ತರ: ಅಂಕಿಗಳನ್ನಷ್ಟೇ ನೋಡಿದರೆ ಯುದ್ಧ ಎನ್ನಬೇಕಾಗುತ್ತದೆ. 1933ರ ಮಾರ್ಚ್‌ನಲ್ಲಿ ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡಾಗ ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸರ್ಕಾರವೇ ಹಣ ಹಾಕಿ ಕೆಲಸ, ನೆರವು ಒದಗಿಸಿದ ನ್ಯೂ ಡೀಲ್‌ನಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ನಿರುದ್ಯೋಗ ಬಹಳಷ್ಟು ಇಳಿಯಿತಾದರೂ, 1937ರಲ್ಲಿ ಸರ್ಕಾರ ಖರ್ಚಿಗೆ ಕಡಿವಾಣ ಹಾಕಿದೊಡನೆ ಮತ್ತೆ ಏರಿತು. ಅದು ಪೂರ್ತಿ ನೀಗಿದ್ದು ಕಾರ್ಖಾನೆಗಳು ಟ್ಯಾಂಕು, ವಿಮಾನಗಳ ತಯಾರಿಕೆಗೆ ಇಳಿದ ಮೇಲೆಯೇ. ಆದರೆ ಯುದ್ಧದ ಖರ್ಚೂ ಸರ್ಕಾರದ ಖರ್ಚೇ ಅಲ್ಲವೇ? ನ್ಯೂ ಡೀಲ್ ಕೈಬಿಗಿ ಹಿಡಿದು ಮಾಡಿದ್ದನ್ನು ಯುದ್ಧ ಕೈಬಿಚ್ಚಿ ಮಾಡಿತು ಎಂಬುದು ನನ್ನ ಅಭಿಪ್ರಾಯ. ಇನ್ನು, ನ್ಯೂ ಡೀಲ್‌ನ ಭಾಗವಾದ 1935ರ ಸಾಮಾಜಿಕ ಭದ್ರತಾ ಕಾಯ್ದೆ ತಂದ ವೃದ್ಧಾಪ್ಯ ಪಿಂಚಣಿಗೂ ಯುದ್ಧಕ್ಕೂ ಸಂಬಂಧವೇ ಇಲ್ಲ. ಕೃಷಿ ಕೂಲಿಕಾರರನ್ನೂ ಮನೆಗೆಲಸದವರನ್ನೂ ಅದರಿಂದ ಹೊರಗಿಟ್ಟದ್ದು ಮಾತ್ರ ದೊಡ್ಡ ಲೋಪ.

ಎರಡನೆಯ ಪ್ರಶ್ನೆಗೆ ಉತ್ತರ, ಹೌದು. ನ್ಯೂ ಡೀಲ್‌ನ ಅಂಗವಾಗಿ 1933ರ ಮೇ ತಿಂಗಳಲ್ಲಿ ಸ್ಥಾಪನೆಯಾದ ಟೆನ್ನೆಸಿ ಕಣಿವೆ ಪ್ರಾಧಿಕಾರವು ಉಪನದಿ ಕ್ಲಿಂಚ್‌ಗೆ ಅಡ್ಡಲಾಗಿ ಕಟ್ಟಿದ ನಾರಿಸ್ ಅಣೆಕಟ್ಟೆಯೊಂದರಿಂದಲೇ ಮೂರು ಸಾವಿರದ ಸಮೀಪ ಕುಟುಂಬಗಳು ಒಕ್ಕಲೆದ್ದವು. ನೀರು ನಿಲ್ಲುವ ಮುನ್ನ ಸಾವಿರಾರು ಗೋರಿಗಳನ್ನು ಅಗೆದು ಬೇರೆಡೆಗೆ ಸಾಗಿಸಲಾಯಿತು. ಪರಿಹಾರದ ಹಣ ಭೂಮಾಲೀಕರ ಕೈಸೇರಿತು, ಗೇಣಿದಾರರು ಬರಿಗೈಯಲ್ಲಿ ಹೊರಟರು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಮುಳುಗಡೆ ಸಂತ್ರಸ್ತರು ಹಕ್ಕುಪತ್ರಕ್ಕಾಗಿ ಅಲೆಯುವುದನ್ನು ಕಂಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿರುಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತಲೆಯೆತ್ತುವ ಮಡೆನೂರಿನ ಹಳೆಯ ಅಣೆಕಟ್ಟೆಯನ್ನೂ ನೀವು ನೋಡಿರುತ್ತೀರಿ: ಒಂದು ಅಣೆಕಟ್ಟೆಯನ್ನೇ ಇನ್ನೊಂದು ನುಂಗಿದ ಜಾಗವದು.

ಸುಧಾರಣೆ ಮತ್ತು ಯುದ್ಧವನ್ನು ಬೇರೆ ಬೇರೆ ತಕ್ಕಡಿಯಲ್ಲಿ ತೂಗುವುದು ಕಷ್ಟವೆನ್ನಲು ಇದೇ ಕಣಿವೆ ಸಾಕ್ಷಿ. ಬಡ ರೈತರ ಮನೆಗೆ ದೀಪ ಕೊಡಲೆಂದು ಹುಟ್ಟಿದ ವಿದ್ಯುತ್ತು ಯುದ್ಧಕಾಲದಲ್ಲಿ ವಿಮಾನಗಳ ಅಲ್ಯೂಮಿನಿಯಂಗೆ ಹರಿಯಿತು. ಹಿರೋಷಿಮಾದ ಬಾಂಬಿಗೆ ಯುರೇನಿಯಂ ಸಿದ್ಧಪಡಿಸಿದ ಓಕ್ ರಿಜ್‌ಗೂ ಹರಿಯಿತು. ಆ ಗುಪ್ತ ನಗರಕ್ಕಾಗಿ 1942ರ ಕೊನೆಯಲ್ಲಿ ಸುಮಾರು ಸಾವಿರ ಕುಟುಂಬಗಳಿಗೆ ಕೆಲವೇ ವಾರಗಳ ಗಡುವು ಕೊಟ್ಟು, ಕಾರಣವನ್ನೂ ತಿಳಿಸದೆ ಮನೆ ಬಿಡಿಸಲಾಯಿತು. ನಾರಿಸ್ ಮುಳುಗಡೆಯಿಂದ ಎದ್ದು ಬಂದು ಅಲ್ಲಿ ನೆಲೆ ಕಂಡುಕೊಂಡಿದ್ದವರೂ ಅವರಲ್ಲಿದ್ದರು.