ಮನೆ ಗ್ಲೂಕೋಮೀಟರಲ್ಲಿ ಶುಗರ್ 168, ಲ್ಯಾಬಲ್ಲಿ 150. ಯಾವುದನ್ನ ನಂಬೋದು?

ಎರಡೂ ಸರಿ ಇರಬಹುದು ಕಣ್ರೀ, ಅಷ್ಟಕ್ಕೆಲ್ಲ ಮೀಟರ್ ಎಸೀಬೇಡಿ. ಐಎಸ್‌ಒ 15197 ಅಂತ ಈ ಮೀಟರುಗಳಿಗೇ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, 2013ರದ್ದು, ಅದರ ಪ್ರಕಾರ ಶುಗರ್ 100 ಅಥವಾ ಮೇಲಿದ್ರೆ 15 ಪರ್ಸೆಂಟ್, ಕಮ್ಮಿ ಇದ್ರೆ 15 ಪಾಯಿಂಟ್ ಆಚೀಚೆ ಬರಬಹುದು, ಅದೂ 100 ರೀಡಿಂಗಲ್ಲಿ 95 ಇದರೊಳಗೆ ಇದ್ರೆ ಸಾಕು. ಅಂದ್ರೆ ಲ್ಯಾಬ್ 150 ಅಂದಾಗ ಮೀಟರ್ 128ರಿಂದ 172ರ ತನಕ ಏನ್ ತೋರಿಸಿದ್ರೂ ಪಾಸು.

ಅದೂ ಅಲ್ದೆ ಲ್ಯಾಬಲ್ಲಿ ನೋಡೋದು ನರದಿಂದ ತೆಗೆದ ರಕ್ತದ ಪ್ಲಾಸ್ಮಾ (ರಕ್ತಕಣ ಬೇರೆ ಮಾಡಿದ ಮೇಲೆ ಉಳಿಯೋ ದ್ರವ), ಮನೇಲಿ ಬೆರಳ ತುದಿ ರಕ್ತ, ಊಟ ಆದ್ಮೇಲೆ ಬೆರಳಲ್ಲಿ ಶುಗರ್ ಸಹಜವಾಗೇ ಜಾಸ್ತಿ ಬರುತ್ತೆ, ಹಾಗಾಗಿ ಹೋಲಿಸಲೇಬೇಕು ಅಂದ್ರೆ ಖಾಲಿ ಹೊಟ್ಟೇಲಿ ಲ್ಯಾಬಿಗೆ ರಕ್ತ ಕೊಟ್ಟು ಅಲ್ಲೇ ಕೂತು ಮೀಟರಲ್ಲೂ ನೋಡಿ.

ನನ್ನ ಕೇಳಿದ್ರೆ ಮೀಟರಿಗಿಂತ ನಮ್ಮ ಕೈದೇ ತಪ್ಪು ಜಾಸ್ತಿ. ಮಾವಿನಹಣ್ಣು ಹೆಚ್ಚಿದ ಕೈನ ತೊಳೀದೆ ಚುಚ್ಚಿದ್ರೆ ಆ ರಸದ ಸಕ್ಕರೇನೂ ಸ್ಟ್ರಿಪ್ಪಿಗೆ ಹೋಗಿ ರೀಡಿಂಗ್ ಎಲ್ಲಿಗೋ ಏರುತ್ತೆ (ಸ್ಯಾನಿಟೈಸರ್ ಸಾಲಲ್ಲ, ಸೋಪು ನೀರೇ ಬೇಕು, ಆಮೇಲೆ ಚೆನ್ನಾಗಿ ಒರೆಸ್ಕೊಳ್ಳಿ). ರಕ್ತ ಬರ್ಲಿಲ್ಲ ಅಂತ ಬೆರಳನ್ನ ಜೋರಾಗಿ ಹಿಂಡೋದು, ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದಿಡೋದು, ಎಕ್ಸ್‌ಪೈರಿ ಆಗಿರೋದನ್ನ ಬಳಸೋದು, ಇವುಗಳಿಂದಲೂ ರೀಡಿಂಗ್ ತಪ್ಪಾಗುತ್ತೆ. ರಕ್ತಹೀನತೆ ಇರೋರಿಗೆ ಎಷ್ಟೋ ಮೀಟರ್‌ಗಳು ಇರೋದಕ್ಕಿಂತ ಜಾಸ್ತಿ ತೋರಿಸ್ತವೆ, ಅದನ್ನ ಡಾಕ್ಟರಿಗೆ ಹೇಳಿ.

ಶುಗರ್ ತೀರಾ ಇಳಿದಾಗ ಬರೋ ಬೆವರು, ನಡುಕ ಇದ್ದೂ ಮೀಟರ್ ನಾರ್ಮಲ್ ಅಂದ್ರೆ ಕೈ ತೊಳ್ದು ಇನ್ನೊಂದ್ಸಲ ನೋಡಿ, ಒಂದೇ ರೀಡಿಂಗ್ ನಂಬಿ ಇನ್ಸುಲಿನ್ ಹೆಚ್ಚು ಕಮ್ಮಿ ಮಾಡೋಕೆ ಹೋಗ್ಬೇಡಿ.