ಬಿಸಿಲಿನಲ್ಲಿ ಕಾರು ನಿಂತುಬಿಡುತ್ತದೆ: ಫ್ಯೂಯಲ್ ಪಂಪ್ ಕಂಪನಿಯದು ಹಾಕಿಸಲೇ, ಹೊರಗಿನದು ಹಾಕಿಸಲೇ?

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಸತ್ತಿದೆ, ಬದಲಿಸಬೇಕು ಎಂದು ಬೀದರಿನ ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೆ ನೀವು ಈ ಪ್ರಶ್ನೆ ಕೇಳಿದ್ದೀರಿ. ಎರಡನ್ನೂ ಹಾಕಿಸಬೇಡಿ, ಈಗಂತೂ ಬೇಡವೇ ಬೇಡ. ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ತಾನಾಗಿ ನಿಲ್ಲುವುದು, ಸೆಲ್ಫ್ ಹೊಡೆದರೆ ತಿರುಗುವುದೇ ಹೊರತು ಹೊತ್ತಿಕೊಳ್ಳದಿರುವುದು, ನೆರಳಿನಲ್ಲಿ ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಶುರುವಾಗುವುದು, ಇವೆಲ್ಲವನ್ನೂ ನಾನು ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಅನುಭವಿಸಿದ್ದೇನೆ.

ಕಮಲಾಪುರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಎರಡು ಸಲ ಜಗ್ಗಿ ನಿಂತಿತು. ಮಧ್ಯಾಹ್ನ ಎರಡು ಗಂಟೆ. ಜೊತೆಗಿದ್ದ ನಮ್ಮ ಮಾವನವರು ಒಂದು ಕಾಲದಲ್ಲಿ ಅಂಬಾಸಿಡರ್ ಓಡಿಸಿದವರು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕೆಂದು ಟವೆಲು ನೆನೆಸಿಕೊಂಡು ಬಾನೆಟ್ ಮುಂದೆ ನಿಂತರು. ಅವರ ಕಾಲದ ಕಾರುಗಳಲ್ಲಿ ಪಂಪು ಎಂಜಿನ್ನಿಗೆ ಅಂಟಿಕೊಂಡಿರುತ್ತಿದ್ದುದರಿಂದ ಆ ಉಪಾಯಕ್ಕೆ ಅರ್ಥವಿತ್ತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಅದು ವಿದ್ಯುತ್ ಮೋಟಾರಾಗಿ ಟ್ಯಾಂಕಿನ ಒಳಗೇ, ಪೆಟ್ರೋಲಿನಲ್ಲಿ ಮುಳುಗಿ ಕೂತಿರುತ್ತದೆ. ಮಾವನವರಿಗೆ ಇದನ್ನು ಹೇಳುವ ಧೈರ್ಯವಾಗದೆ ನಾನು ಸುಮ್ಮನಿದ್ದೆ. ಮುಕ್ಕಾಲು ಗಂಟೆಯ ನಂತರ ಕಾರು ಶುರುವಾಯಿತು, ಯಶಸ್ಸು ಟವೆಲಿಗೆ ಹೋಯಿತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಓಮ್‌ನ ನಿಯಮವನ್ನು ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳುವವನು. ಆದ್ದರಿಂದ ಪರೀಕ್ಷೆಯನ್ನು ನಾನೇ ಮಾಡುವೆನೆಂದು ಹಿಂದಿನ ಸೀಟು ಎತ್ತಿ, ಪಂಪಿನ ಮುಚ್ಚಳದ ಮೇಲಿದ್ದ ಕನೆಕ್ಟರನ್ನು ಕಳಚಿ, ಮಗಳಿಗೆ ಕೀಲಿ ತಿರುಗಿಸಲು ಹೇಳಿ, ಬಿಚ್ಚಿದ ಕನೆಕ್ಟರಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಚ್ಚಿದೆ. 12.4 ವೋಲ್ಟ್ ತೋರಿಸಿತು. ಕರೆಂಟು ಬರುತ್ತಿದೆ, ಪಂಪು ತಿರುಗುತ್ತಿಲ್ಲ, ಅಂದಮೇಲೆ ಪಂಪೇ ಸತ್ತಿದೆ ಎಂದು ತೀರ್ಮಾನಿಸಿ, 8,500 ರೂಪಾಯಿ ಕೊಟ್ಟು ಹೊಸದನ್ನು ತರಿಸಿ, ಹಾಕಿಸಿದ ಕೂಲಿ ಬೇರೆ ಕೊಟ್ಟೆ.

ಆ 12.4 ಸುಳ್ಳಾಗಿರಲಿಲ್ಲ, ಆದರೆ ನಾನು ಕೇಳಬೇಕಿದ್ದ ಪ್ರಶ್ನೆಗೆ ಅದು ಉತ್ತರವೂ ಆಗಿರಲಿಲ್ಲ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಹತ್ತು ಮೆಗಾಓಮ್ ಇರುತ್ತದೆ. ಅದು ಎಳೆಯುವ ಕರೆಂಟು ಒಂದೂಕಾಲು ಮೈಕ್ರೋ ಆಂಪಿಯರಿನಷ್ಟು, ಅಂದರೆ ಇಲ್ಲವೆಂದೇ ಲೆಕ್ಕ. ವೈರಿನ ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದು ಎರಡು ಓಮ್ ಅಡ್ಡಿ ಹುಟ್ಟಿದೆಯೆಂದು ಇಟ್ಟುಕೊಳ್ಳಿ. ಇಷ್ಟು ಸಣ್ಣ ಕರೆಂಟಿಗೆ ಆ ಅಡ್ಡಿ ಕಾಣಿಸುವುದೇ ಇಲ್ಲ, ಬ್ಯಾಟರಿಯ ವೋಲ್ಟೇಜೆಲ್ಲ ಹಾಗೆಯೇ ಮೀಟರಿಗೆ ಬಂದು ಕೂರುತ್ತದೆ. ಅದೇ ಜಾಗದಲ್ಲಿ ನಾಲ್ಕೈದು ಆಂಪಿಯರ್ ಬೇಡುವ ಮೋಟಾರನ್ನು ಜೋಡಿಸಿ ನೋಡಿ: ವೋಲ್ಟೇಜಿನ ಸುಮಾರು ಅರ್ಧ ಪಾಲು ಆ ತುಕ್ಕಿನಲ್ಲೇ ಬಿಸಿಯಾಗಿ ಕಳೆದುಹೋಗಿ, ಉಳಿದ ಆರು ವೋಲ್ಟಿನಲ್ಲಿ ಮೋಟಾರು ಮುಲುಗುತ್ತದೆ. ನಲ್ಲಿಯ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುವಿದಾಗಲೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು. ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಊರಿನವನಾದ ನನಗೆ ಇದು ಹೊಳೆಯಲಿಲ್ಲ. ಕನೆಕ್ಟರನ್ನು ಕಳಚಿ ಅಳೆದದ್ದೇ ನನ್ನ ತಪ್ಪು. ಪಂಪನ್ನು ಜೋಡಿಸಿಟ್ಟೇ, ಅದು ಕರೆಂಟು ಎಳೆಯುತ್ತಿರುವಾಗಲೇ ಅಳೆಯಬೇಕಿತ್ತು.

ಹೊಸ ಪಂಪು ಹಾಕಿದ ಮೇಲೆ ಒಂಬತ್ತು ದಿನ ಕಾರು ಚೆನ್ನಾಗಿ ಓಡಿತು. ಸೀಟು ಎತ್ತಿ, ಕಾರ್ಪೆಟ್ ಸರಿಸಿ, ವೈರುಗಳನ್ನು ಎಳೆದಾಡಿದಾಗ ಕೆಟ್ಟ ಜೋಡಣೆಯೂ ಸ್ವಲ್ಪ ಅಲುಗಿ ತಾತ್ಕಾಲಿಕವಾಗಿ ಹಿಡಿದುಕೊಂಡಿತ್ತು. ಬಿಡಿಭಾಗ ಬದಲಿಸಿದ ತಕ್ಷಣ ಸರಿಹೋಯಿತೆಂದು ಜನ ಹೇಳುವ ಕಥೆಗಳನ್ನು ಅಂದಿನಿಂದ ನಾನು ನಂಬುವುದಿಲ್ಲ. ಹತ್ತನೆಯ ದಿನ ಜೇವರ್ಗಿ ರಸ್ತೆಯಲ್ಲಿ, ಭೀಮಾ ಸೇತುವೆಗೆ ಸ್ವಲ್ಪ ಮೊದಲು, ಅದೇ ಜಗ್ಗು, ಅದೇ ನಿಲುಗಡೆ.

ಕೊನೆಗೆ ಸೇಡಂ ರಸ್ತೆಯ ಒಂದು ಚಿಕ್ಕ ಅಂಗಡಿಯ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದನ್ನು ಹಿಡಿದರು. ಅವರು ಮೀಟರನ್ನು ಮುಟ್ಟಲೂ ಇಲ್ಲ. ಹೆಡ್‌ಲೈಟಿನ ಹಳೆಯ 55 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದುಕೊಂಡಿದ್ದರು. ಅದು ಎಳೆಯುವ ಕರೆಂಟು ಪಂಪಿನದಕ್ಕೆ ಹೆಚ್ಚುಕಡಿಮೆ ಸಮ. ಕನೆಕ್ಟರಿಗೆ ಹಚ್ಚಿದಾಗ ಬಲ್ಬು ಆರುವ ಕೆಂಡದಂತೆ ಕೆಂಪಗಾಯಿತು. ಪಾಸಿಟಿವ್ ತುದಿಯನ್ನು ಅಲ್ಲೇ ಬಿಟ್ಟು, ಇನ್ನೊಂದು ತುದಿಯನ್ನು ಉದ್ದ ವೈರಿನಿಂದ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿದಾಗ ಕಣ್ಣು ಕುಕ್ಕುವಂತೆ ಬೆಳಗಿತು. “ಸರ, ಕರೆಂಟ್ ಬರ್ಲಾಕತ್ತದ ಖರೆ, ವಾಪಸ್ ಹೋಗ್ಲಾಕ ಹಾದಿನೇ ಇಲ್ರಿ” ಎಂದರು.

ಹಿಂದಿನ ಸೀಟಿನ ಕೆಳಗೆ, ಎಡಬದಿಯ ಕಾರ್ಪೆಟ್ ಎತ್ತಿದಾಗ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳಲೆಂದು ಪಂಪಿನ ಕಪ್ಪು ವೈರನ್ನು ಬಾಡಿಯ ಲೋಹಕ್ಕೆ ಬಿಗಿದಿದ್ದ ಬೋಲ್ಟು ಸಿಕ್ಕಿತು. ಅದರ ಸುತ್ತ ತಾಮ್ರದ ಹಸಿರು ಪುಡಿ, ಅಡಿಯಲ್ಲಿ ಕಂದು ತುಕ್ಕು. ಕಾರಣವೂ ನಾನೇ: ಬೇಸಿಗೆಯಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳನ್ನು ಹಿಂದಿನ ಸೀಟಿನ ಮುಂದೆ ಇಟ್ಟು ತರುತ್ತಿದ್ದೆ, ಚೆಲ್ಲಿದ ನೀರು ಕಾರ್ಪೆಟ್ಟಿನ ಕೆಳಗೆ ಇಂಗಿ ಅಲ್ಲೇ ನಿಲ್ಲುತ್ತಿತ್ತು. ಕರೆಂಟು ಹರಿದಂತೆ ಆ ಜೋಡಣೆಯೇ ಬಿಸಿಯಾಗಿ, ಅಡ್ಡಿ ಇನ್ನೂ ಹೆಚ್ಚಿ, ಪಂಪಿಗೆ ಬಲ ಸಾಲದೆ ಎಂಜಿನ್ ನಿಲ್ಲುತ್ತಿತ್ತು. ತಣ್ಣಗಾದಾಗ ಮತ್ತೆ ಹಿಡಿಯುತ್ತಿತ್ತು. ಅವರು ಮರಳು ಕಾಗದದಿಂದ ಬಾಡಿಯ ಲೋಹ ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಿ ನೂರೈವತ್ತು ರೂಪಾಯಿ ಕೇಳಿದರು. ಡಿಕ್ಕಿಯಲ್ಲಿ ಒಣಗಿ ಬಿದ್ದಿದ್ದ ನನ್ನ ಹಳೆಯ ಪಂಪಿಗೆ ಒಂದು ಕ್ಷಣ ಬ್ಯಾಟರಿ ಮುಟ್ಟಿಸಿದರು. ಗುಂಯ್ ಎಂದು ತಿರುಗಿತು.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಕೀಲಿಯನ್ನು ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡು ಗುಂಯ್‌ಗುಡುವ ಸದ್ದು ಬರಬೇಕು. ಕಾರು ಬಿಸಿಯಾಗಿ ನಿಂತಿರುವಾಗಲೇ ಇದನ್ನು ಆಲಿಸಿ, ತಣ್ಣಗಿದ್ದಾಗ ಕೇಳಿ ಪ್ರಯೋಜನವಿಲ್ಲ. ಸದ್ದಿಲ್ಲದಿದ್ದರೆ ಫ್ಯೂಸ್ ನೋಡಿ, ಬಳಿಕ ಪಂಪಿನ ರಿಲೇ, ಅಂದರೆ ಪಂಪಿಗೆ ಕರೆಂಟು ಹಾಯಿಸುವ ವಿದ್ಯುತ್ ಸ್ವಿಚ್ಚನ್ನು, ತೆಗೆದು ಅದೇ ನಂಬರಿನ ಇನ್ನೊಂದು ರಿಲೇ (ಎಷ್ಟೋ ಕಾರುಗಳಲ್ಲಿ ಹಾರ್ನಿನದು ಹೊಂದುತ್ತದೆ) ಹಾಕಿ ನೋಡಿ. ರಿಲೇಯ ಒಳಗಿನ ಬೆಸುಗೆ ಬಿರಿದಿದ್ದರೂ ಬಿಸಿಲಿಗೆ ಇದೇ ಆಟ ಆಡುತ್ತದೆ. ಎಂಜಿನ್ ತಿರುಗುತ್ತಿದೆಯೇ ಎಂದು ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೂ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಪಂಪಿನ ಕರೆಂಟು ಕಡಿಯುತ್ತದೆ, ಆದರೆ ಆಗ ಕೀಲಿ ಆನ್ ಮಾಡಿದಾಗಿನ ಮೊದಲ ಸದ್ದು ಸಾಮಾನ್ಯವಾಗಿ ಬಂದೇ ಬರುತ್ತದೆ.

ಇವೆಲ್ಲ ಸರಿಯಿದ್ದರೆ ಕನೆಕ್ಟರನ್ನು ಕಳಚದೆ, ವೈರು ಒಳಹೋಗುವ ಹಿಂಬದಿಯಿಂದ ಮೀಟರಿನ ಪ್ರೋಬ್ (ಚೂಪು ಕಡ್ಡಿ) ತೂರಿಸಿ, ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜನ್ನು ಎರಡು ಕಡೆ ಅಳೆಯಿರಿ: ಬ್ಯಾಟರಿಯ ಪಾಸಿಟಿವ್‌ನಿಂದ ಪಂಪಿನ ಪಾಸಿಟಿವ್ ತುದಿಗೆ ಒಮ್ಮೆ, ಪಂಪಿನ ಅರ್ಥ್ ತುದಿಯಿಂದ (ಕರೆಂಟು ವಾಪಸ್ ಹೋಗುವ ತುದಿ) ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಮ್ಮೆ. ಮೊದಲನೆಯದು ಅರ್ಧ ವೋಲ್ಟಿನೊಳಗೆ, ಎರಡನೆಯದು 0.2 ವೋಲ್ಟಿನ ಆಸುಪಾಸಿನಲ್ಲಿ ಇರಬೇಕು. ನನ್ನ ಕಾರಿನಲ್ಲಿ ಎರಡನೆಯದು 5.8 ಬಂದಿತ್ತು. ಬಯಲಿನಲ್ಲಿ, ಪೆಟ್ರೋಲ್ ವಾಸನೆ ಇಲ್ಲದ ಜಾಗದಲ್ಲಿ ಈ ಕೆಲಸ ಮಾಡಿ. ವಾಸನೆ ಬಂದರೆ ಕೀಲಿಯನ್ನೂ ಮುಟ್ಟದೆ ದೂರ ಸರಿಯಿರಿ, ಟ್ಯಾಂಕಿನ ಮುಚ್ಚಳವನ್ನಂತೂ ಈ ಹಂತದಲ್ಲಿ ತೆರೆಯಲೇಬೇಡಿ.

ಎರಡೂ ಕಡೆ ಸರಿಯಾಗಿದ್ದು, ಪಂಪಿನ ಎರಡು ತುದಿಗಳ ನಡುವೆ ಬ್ಯಾಟರಿಯ ಹತ್ತಿರ ಹತ್ತಿರದ ವೋಲ್ಟೇಜ್ ಸಿಗುತ್ತಿದ್ದು, ಆಗಲೂ ಅದು ತಿರುಗದಿದ್ದರೆ ನಿಮ್ಮ ಬೀದರಿನ ಮೆಕ್ಯಾನಿಕ್ ಹೇಳಿದ್ದೇ ನಿಜ, ಕಂಪನಿಯದನ್ನೇ ಹಾಕಿಸಿ. ಅಲ್ಲಿಯವರೆಗೆ ಹಣ ಕೈಯಲ್ಲೇ ಇರಲಿ, ಆ ಎರಡು ಅಳತೆಗಳನ್ನು ಇಲ್ಲಿ ಬರೆಯಿರಿ.