ಸಾಕಿದ ಜೀಬ್ರಾ ಫಿಂಚ್ ಹಕ್ಕಿಯ ಗೂಡಿನಲ್ಲಿ ಕೆಂಪು ನುಸಿ ಬಿದ್ದಿದೆ, ಮರಿಗಳಿಗೆ ನಾಲ್ಕೇ ದಿನ. ಏನು ಮಾಡಲಿ?

ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಮರಿಗಳನ್ನು ಕೈಯಲ್ಲಿ ಮುಟ್ಟಿ, ಏನೂ ಆಗುವುದಿಲ್ಲ. ಮನುಷ್ಯರ ವಾಸನೆ ಹತ್ತಿತು ಅಂತ ಜೀಬ್ರಾ ಫಿಂಚ್ ತಾಯ್ತಂದೆ ಮರಿ ಬಿಡುವುದಿಲ್ಲ. ಗೂಡನ್ನು ಇವತ್ತೇ ಬದಲಾಯಿಸಿ. ಸ್ಪ್ರೇ ಹೊಡೆಯಬೇಡಿ.

ಮೂರು ಮರಿ ಒಡೆದು ನಾಲ್ಕು ದಿನವಾಗಿದೆ, ನಾರಿನ ಗೂಡಿನೊಳಗೆ ರಾಗಿ ಕಾಳಿಗಿಂತ ಚಿಕ್ಕ ಕೆಂಪು ಚುಕ್ಕೆಗಳು ಹರಿದಾಡುತ್ತಿವೆ, ಒಂದು ಮರಿ ಸೊರಗಿದೆ ಅಂತ ಬರೆದಿದ್ದೀರಿ. ಅಂಗಡಿಯವರು ಜಿರಳೆ ಸ್ಪ್ರೇ ಹೊಡೆಯಿರಿ ಅಂದರು, ಪಕ್ಕದ ಮನೆಯವರು ಮುಟ್ಟಲೇಬೇಡಿ ಅಂದರು. ಎರಡು ಮಾತನ್ನೂ ಕೇಳಬೇಡಿ. ನಮ್ಮ ಮನೆಯಲ್ಲಿ ಫಿಂಚ್‌ಗಳು ಬಹಳ ವರ್ಷಗಳಿಂದ ಮರಿ ಮಾಡುತ್ತಿವೆ. ಬೇಸಿಗೆ ಶುರುವಾದರೆ ನುಸಿಯ ಮೇಲೆ ಕಣ್ಣಿಡುವುದು ನಮಗೆ ಕಾಳು ನೀರು ಇಡುವಷ್ಟೇ ಮಾಮೂಲಿ ಕೆಲಸ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, ಮೊಟ್ಟೆಯಿಂದ ಹೊರಬಂದ ಜೀಬ್ರಾ ಫಿಂಚ್ ಮರಿಯ ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಅದರ ಮೈಯಲ್ಲಿ ರಕ್ತ ಎಷ್ಟಿದ್ದೀತು ಯೋಚಿಸಿ. ನೀವು ನೋಡಿದ ಚುಕ್ಕೆಗಳು ಕೆಂಪಗಿವೆ ಅಂದರೆ ಅವು ಆಗಲೇ ರಕ್ತ ಕುಡಿದಿವೆ. ಹಸಿದ ನುಸಿ ಬೂದು ಬಣ್ಣಕ್ಕಿರುತ್ತದೆ. ಹತ್ತಾರು ನುಸಿ ಒಂದೆರಡು ರಾತ್ರಿ ಕುಡಿದರೆ ಮರಿ ಬಿಳಿಚಿಕೊಳ್ಳುತ್ತದೆ, ಬಾಯಿ ತೆರೆದು ತುತ್ತು ಕೇಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಕೇಳದ ಮರಿಗೆ ತಾಯಿ ಕೊಡುವುದಿಲ್ಲ. ಸೊರಗಿದ ಮರಿಯ ಬಾಯೊಳಗೆ ಒಮ್ಮೆ ನೋಡಿ. ಒಳಭಾಗ ಗುಲಾಬಿ ಬಣ್ಣಕ್ಕಿದ್ದರೆ ಇನ್ನೂ ಕಾಲ ಮೀರಿಲ್ಲ. ಸುಣ್ಣದ ಹಾಗೆ ಬಿಳಿಚಿದ್ದರೆ ಗೂಡು ಬದಲಾಯಿಸಿದ ಮೇಲೆ ವೈದ್ಯರಿಗೂ ತೋರಿಸಿ. ಅಂಗುಳಿನ ಮೇಲೆ ಕಪ್ಪು ಚುಕ್ಕೆ, ಗೆರೆಗಳು ಕಂಡರೆ ಗಾಬರಿಯಾಗಬೇಡಿ, ಅವು ಹುಟ್ಟಿನಿಂದಲೇ ಇರುವ ಗುರುತುಗಳು.

ಈಗ ಗೂಡಿನ ಕೆಲಸ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ, ಬಿಸಿಲು ಚೆನ್ನಾಗಿರುವಾಗ ಮಾಡಿ. ಈ ವಯಸ್ಸಿನ ಮರಿಗೆ ಮೈ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಸಂಜೆ ತಂಪಿನಲ್ಲಿ ಹತ್ತು ನಿಮಿಷ ಹೊರಗಿಟ್ಟರೂ ಮರಗಟ್ಟುತ್ತದೆ. ಹೊಸ ಗೂಡು ಪೂರ್ತಿ ಸಿದ್ಧವಾಗುವವರೆಗೆ ಹಳೆಯದಕ್ಕೆ ಕೈ ಹಾಕಬೇಡಿ.

ನಾರಿನ ಗೂಡಿನ ಬದಲು ಮಣ್ಣಿನ ಕುಡಿಕೆ ತನ್ನಿ. ಹಕ್ಕಿ ಅಂಗಡಿಗಳಲ್ಲಿ ಪಕ್ಕದಲ್ಲಿ ತೂತಿರುವ ಕುಡಿಕೆ ಸಿಗುತ್ತದೆ. ನಾರು ಹೆಣೆದ ಗೂಡು ನೋಡಲು ಚೆಂದ, ಹಕ್ಕಿಗೂ ಇಷ್ಟ, ಆದರೆ ಅದರ ಒಂದೊಂದು ಎಳೆಯ ಸಂದಿಯೂ ನುಸಿಗೆ ಮನೆ. ಕುಡಿಕೆಯನ್ನಾದರೆ ಕುದಿಯುವ ನೀರಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಮುಗಿಯಿತು. ನಾನು ನಾರಿನ ಗೂಡು ಕೊಳ್ಳುವುದನ್ನೇ ನಿಲ್ಲಿಸಿದ್ದೇನೆ. ಒಳಗೆ ಹಾಸಲು ತೊಳೆದು ಒಣಗಿಸಿದ ಗರಿಕೆ ಅಥವಾ ತೆಂಗಿನ ನಾರು ಸಾಕು. ನಾರನ್ನು ಬೆರಳುದ್ದಕ್ಕೆ ಕತ್ತರಿಸಿ. ಉದ್ದ ಎಳೆ, ಹೊಲಿಗೆ ದಾರ, ತಲೆಕೂದಲು ಮರಿಯ ಕಾಲಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಂತು ಬೆರಳೇ ಉದುರುತ್ತದೆ. ಹಾಸಿನ ನಡುವೆ ಸಣ್ಣ ಗುಳಿ ಮಾಡಿ, ಮರಿಗಳು ಒಂದಕ್ಕೊಂದು ಅಂಟಿಕೊಂಡು ಮಲಗಬೇಕು.

ಒಂದು ಬಟ್ಟಲಿಗೆ ಬಿಳಿ ಹತ್ತಿ ಬಟ್ಟೆ ಹಾಸಿ, ಬಟ್ಟೆಯ ಕೆಳಗೆ ಬಿಸಿನೀರಿನ ಬಾಟಲಿ ಇಡಿ. ಮುಂಗೈಗೆ ಹಿತವಾಗುವಷ್ಟು ಬಿಸಿ ಸಾಕು. ಕೈಯನ್ನೂ ಬೆಚ್ಚಗೆ ಮಾಡಿಕೊಂಡು ಮರಿಗಳನ್ನು ಒಂದೊಂದಾಗಿ ಎತ್ತಿ. ಒಣಗಿದ ಮೆತ್ತನೆಯ ಕುಂಚದಿಂದ, ಮಕ್ಕಳ ಚಿತ್ರಕಲೆಯ ಕುಂಚವಾದರೂ ಸರಿ, ಮೈಮೇಲಿನ ನುಸಿಯನ್ನು ಬಟ್ಟೆಯ ಮೇಲೆ ಉದುರಿಸಿ. ರೆಕ್ಕೆಯ ಕಂಕುಳು, ಕಿವಿ ತೂತಿನ ಸುತ್ತ, ಬಾಲದ ಬುಡ, ಕತ್ತಿನ ಮಡಿಕೆ, ಇಷ್ಟು ಕಡೆ ತಪ್ಪದೆ ನೋಡಿ. ಬಿಡದೆ ಕಚ್ಚಿಕೊಂಡದ್ದನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಇಯರ್ ಬಡ್‌ನಿಂದ ತೆಗೆಯಿರಿ. ಮರಿಗೆ ಸ್ನಾನ ಬೇಡ. ಎಣ್ಣೆ, ಅರಿಶಿನ, ಬೇವಿನೆಣ್ಣೆ ಯಾವುದೂ ಬೇಡ. ಎಣ್ಣೆ ಹತ್ತಿದ ಮರಿ ಬೇಗ ತಣ್ಣಗಾಗುತ್ತದೆ, ಮೇಲೆ ಕೂತ ತಾಯಿಯ ಪುಕ್ಕಕ್ಕೂ ಅದು ಮೆತ್ತಿಕೊಳ್ಳುತ್ತದೆ.

ಹೊಸ ಕುಡಿಕೆ ಹಳೆಯ ಗೂಡು ಇದ್ದ ಜಾಗದಲ್ಲೇ, ಅದೇ ಎತ್ತರದಲ್ಲಿ, ಬಾಯಿ ಅದೇ ದಿಕ್ಕಿಗೆ ಇರಲಿ. ಇದು ಮುಖ್ಯ. ಹಕ್ಕಿ ಜಾಗ ನೋಡಿಕೊಂಡು ಮರಿಯ ಹತ್ತಿರ ಬರುತ್ತದೆ. ಆಮೇಲೆ ಕೋಣೆಯಿಂದ ಹೊರಗೆ ಹೋಗಿ ಬಾಗಿಲ ಸಂದಿಯಿಂದ ನೋಡಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಗಂಡೋ ಹೆಣ್ಣೋ ಒಳಗೆ ಹೋಗುತ್ತದೆ. ಜೀಬ್ರಾ ಫಿಂಚ್‌ನಲ್ಲಿ ಕಾವು, ತುತ್ತು ಎರಡನ್ನೂ ಇಬ್ಬರೂ ಹಂಚಿಕೊಳ್ಳುತ್ತಾರೆ, ಹಾಗಾಗಿ ಯಾರು ಮೊದಲು ಹೋದರೂ ಸರಿಯೇ. ಗಂಟೆ ಕಳೆದರೂ ಯಾರೂ ಹೋಗದಿದ್ದರೆ ಹಳೆಯ ಗೂಡಿನ ಹೊರಮೈಯ ನಾಲ್ಕು ಎಳೆಯನ್ನು ಬಿಸಿನೀರಲ್ಲಿ ಅದ್ದಿ ಒಣಗಿಸಿ ಹೊಸ ಗೂಡಿನ ಬಾಯಿಗೆ ಸಿಕ್ಕಿಸಿ.

ಹಳೆಯ ಗೂಡನ್ನು ತೆಗೆದ ಕೂಡಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ. ಬಾಲ್ಕನಿಯಲ್ಲಿ ಆಮೇಲೆ ಎಸೆಯೋಣ ಅಂತ ಬಿಟ್ಟರೆ ರಾತ್ರಿಯೊಳಗೆ ಅಷ್ಟೂ ನುಸಿ ವಾಪಸ್ ಬರುತ್ತದೆ.

ಗೂಡು ಬದಲಾದ ಮಾತ್ರಕ್ಕೆ ನುಸಿ ಹೋಯಿತು ಅಂದುಕೊಳ್ಳಬೇಡಿ. ಕೆಂಪು ನುಸಿ ಹಗಲು ಸಂದಿಗಳಲ್ಲಿ ಅಡಗಿ ರಾತ್ರಿ ಹೊರಬಂದು ರಕ್ತ ಕುಡಿಯುತ್ತದೆ. ಅದರ ಮುಖ್ಯ ಅಡಗುತಾಣ ಹಕ್ಕಿ ಕೂರುವ ಕೋಲಿನ ಎರಡು ತುದಿ, ಪಂಜರದ ಕಂಬಿಗೆ ತಾಗುವ ಜಾಗ. ಟ್ರೇಯ ಮೂಲೆ, ಕ್ಲಿಪ್ಪಿನ ಒಳಗೆ, ಪಂಜರದ ಹಿಂದಿನ ಗೋಡೆಯ ಬಿರುಕು, ಇವೆಲ್ಲ ಆಮೇಲೆ. ಕೋಲುಗಳನ್ನು ಕಿತ್ತು ಕುದಿಯುವ ನೀರಿಗೆ ಹಾಕಿ, ಅಷ್ಟು ಹೊತ್ತು ಬೇರೆ ಕೋಲು ಕೊಡಿ. ಟ್ರೇಯನ್ನೂ ಕುದಿನೀರಲ್ಲಿ ತೊಳೆಯಿರಿ. ಪಂಜರವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ. ಇವತ್ತು ರಾತ್ರಿ ಪಂಜರದ ಒಂದು ಬದಿಗೆ ಬಿಳಿ ಬಟ್ಟೆ ಇಳಿಬಿಡಿ. ಬೆಳಗ್ಗೆ ಬೇಗ ಎದ್ದು ಅದರ ಮಡಿಕೆಗಳಲ್ಲಿ ಕೆಂಪು ಚುಕ್ಕೆ ಇದೆಯೇ ನೋಡಿ, ಇದ್ದರೆ ಬಟ್ಟೆಯನ್ನು ಹಾಗೇ ಬಿಸಿನೀರಿಗೆ ಹಾಕಿ. ಇದರಿಂದ ಎಷ್ಟು ಉಳಿದಿವೆ ಅಂತ ಗೊತ್ತೂ ಆಗುತ್ತದೆ, ಒಂದಷ್ಟು ಸಾಯುತ್ತವೆ ಕೂಡ.

ನಮ್ಮ ಸೆಕೆಯಲ್ಲಿ ನುಸಿ ಮೊಟ್ಟೆಯಿಂದ ಬೆಳೆದು ದೊಡ್ಡದಾಗಲು ಒಂದು ವಾರ, ಹತ್ತು ದಿನ ಸಾಕು. ಇವತ್ತು ನೀವು ಕಾಣದೆ ಬಿಟ್ಟ ಮೊಟ್ಟೆಗಳು ವಾರದೊಳಗೆ ಹೊಸ ಹಿಂಡಾಗುತ್ತವೆ. ಹಾಗಾಗಿ ಐದಾರು ದಿನ ಬಿಟ್ಟು, ಅಂದರೆ ಮರಿಗಳಿಗೆ ಒಂಬತ್ತು ಹತ್ತು ದಿನವಾದಾಗ, ಕುಡಿಕೆ, ಹಾಸು, ಕೋಲು ಎಲ್ಲವನ್ನೂ ಇನ್ನೊಮ್ಮೆ ಬದಲಾಯಿಸಿ. ಅದನ್ನು ಮುಂದೂಡಬೇಡಿ. ಮರಿಗಳಿಗೆ ಎರಡು ವಾರ ದಾಟಿದ ಮೇಲೆ ಗೂಡಿಗೆ ಕೈ ಹಾಕಿದರೆ ಬೆದರಿ ಹೊರಗೆ ಹಾರಿಬಿಡುತ್ತವೆ, ರೆಕ್ಕೆ ಬಲಿತಿರುವುದಿಲ್ಲ, ಮತ್ತೆ ಒಳಗೆ ಬಿಟ್ಟರೂ ನಿಲ್ಲುವುದಿಲ್ಲ. ತಾವಾಗಿ ಗೂಡು ಬಿಡುವುದು 18ರಿಂದ 21 ದಿನಕ್ಕೆ.

ಔಷಧದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇ, ಲಕ್ಷ್ಮಣ ರೇಖೆ, ನುಸಿಗುಳಿಗೆ, ಸೀಮೆಎಣ್ಣೆ, ಕರ್ಪೂರ, ಇವ್ಯಾವುವೂ ಹಕ್ಕಿಯ ಕೋಣೆಯೊಳಗೇ ಬರಬಾರದು. ಹಕ್ಕಿಯ ಉಸಿರಾಟದ ವ್ಯವಸ್ಥೆ ನಮ್ಮದಕ್ಕಿಂತ ಬಹಳ ಸೂಕ್ಷ್ಮ, ಮರಿಗಂತೂ ಹೇಳುವುದೇ ಬೇಡ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಂತ ದನಕ್ಕೆ, ಕೋಳಿ ಶೆಡ್ಡಿಗೆ ಹೊಡೆಯುವ ಔಷಧಗಳು ಖಾಲಿ ಪಂಜರಕ್ಕೆ ಮಾತ್ರ, ಹಕ್ಕಿ ಒಂದೂ ಇಲ್ಲದಾಗ. ನುಸಿ ಕೊಲ್ಲಲು ಬಳಸುವ ಡಯಟಮ್ ಪುಡಿಯ (ಪಾಚಿಯ ಪಳೆಯುಳಿಕೆಯಿಂದ ಮಾಡಿದ ನುಣ್ಣನೆಯ ಪುಡಿ) ಬಗ್ಗೆ ಕೇಳಿದ್ದೀರಿ. ಆ ಪುಡಿ ಗಾಳಿಯಲ್ಲಿ ಎದ್ದರೆ ಮರಿಯ ಶ್ವಾಸಕ್ಕೆ ಹೋಗುತ್ತದೆ, ಮರಿ ಇರುವ ಗೂಡಿಗೆ ನಾನು ಹಾಕುವುದಿಲ್ಲ. ಬೇವಿನ ಸೊಪ್ಪು ಒಣಗಿಸಿ ಹಾಸಿನ ಕೆಳಗಿಟ್ಟರೆ ತೊಂದರೆಯಿಲ್ಲ, ಆದರೆ ಇಷ್ಟು ನುಸಿಗೆ ಅದೊಂದನ್ನೇ ನಂಬಬೇಡಿ.

ನುಸಿ, ಹುಳು ಕೊಲ್ಲುವ ಔಷಧ ಐವರ್‌ಮೆಕ್ಟಿನ್ ಒಂದು ತೊಟ್ಟು ಕತ್ತಿಗೆ ಹಾಕಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬೆಳೆದ ಹಕ್ಕಿಗೆ ಅದು ಒಳ್ಳೆಯ ಔಷಧವೇ, ಪ್ರಮಾಣ ಸರಿಯಿದ್ದರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಬೆಳೆದ ಜೀಬ್ರಾ ಫಿಂಚ್ ಸುಮಾರು 12 ಗ್ರಾಂ ತೂಗುತ್ತದೆ. ಸಾಮಾನ್ಯವಾಗಿ ಕೊಡುವ ಪ್ರಮಾಣ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ದನಕ್ಕೆ ಚುಚ್ಚುವ 1% ಔಷಧದ ಒಂದು ತೊಟ್ಟಿನಲ್ಲಿ ಸುಮಾರು 0.5 ಮಿಲಿಗ್ರಾಂ ಇರುತ್ತದೆ. ಆ ಪುಟ್ಟ ಹಕ್ಕಿಗೆ ಬೇಕಾದದ್ದರ 200 ಪಟ್ಟು! ಆದ್ದರಿಂದ ತಾಯ್ತಂದೆಗೆ ಔಷಧ ಬೇಕೇ, ಎಷ್ಟು ತೆಳು ಮಾಡಿ ಹಾಕಬೇಕು ಎಂಬುದನ್ನು ಹಕ್ಕಿ ನೋಡುವ ಪಶುವೈದ್ಯರೇ ಹೇಳಲಿ. ನೀವು ಬೆಂಗಳೂರಿನಲ್ಲಿದ್ದೀರಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನಾಲ್ಕು ದಿನದ ಮರಿಗೆ ಮಾತ್ರ ಅದನ್ನು ಹಾಕಲೇಬೇಡಿ.

ಇನ್ನು ತುತ್ತಿನ ವಿಷಯ. ನೀವೇ ತಿನ್ನಿಸಬೇಕೇ ಅಂತ ಕೇಳಿದ್ದೀರಿ. ಬೇಡ. ಸಂಜೆ ದೀಪ ಆರಿಸುವ ಮುಂಚೆ ಮರಿಯ ಕತ್ತಿನ ಪಕ್ಕ ನೋಡಿ. ತೆಳು ಚರ್ಮದೊಳಗೆ ಕಾಳು ತುಂಬಿದ ಚೀಲ ಉಬ್ಬಿ ಕಾಣಿಸಿದರೆ ತಾಯ್ತಂದೆ ಸರಿಯಾಗಿ ತಿನ್ನಿಸುತ್ತಿವೆ ಅಂತ ಅರ್ಥ. ನಿಮ್ಮ ಕೆಲಸ ಆ ದೊಡ್ಡ ಹಕ್ಕಿಗಳಿಗೆ ಒಳ್ಳೆಯದನ್ನು ಕೊಡುವುದು. ನವಣೆ, ಸಾಮೆ, ಬರಗು ಯಾವಾಗಲೂ ಇರಲಿ. ಜೊತೆಗೆ ಮೊಳಕೆ ಬರಿಸಿದ ನವಣೆ, ಬೇಯಿಸಿದ ಕೋಳಿಮೊಟ್ಟೆಯನ್ನು ಪುಡಿಪುಡಿ ಮಾಡಿ ದಿನಕ್ಕೆರಡು ಸಲ ಇಡಿ. ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಬೇಸಿಗೆಯಲ್ಲಿ ಬೇಗ ಕೆಡುತ್ತದೆ. ಮೊಳಕೆ ಹುಳಿ ವಾಸನೆ ಬಂದರೆ ಎಸೆಯಿರಿ. ಕೊತ್ತಂಬರಿ, ನುಗ್ಗೆ ಸೊಪ್ಪನ್ನು ಚೆನ್ನಾಗಿ ತೊಳೆದು ಕೊಡಿ. ಸುಣ್ಣದಂಶಕ್ಕೆ ಕಟಲ್‌ಬೋನ್ (ಹಕ್ಕಿ ಕುಕ್ಕುವ ಸಮುದ್ರಜೀವಿಯ ಬಿಳಿ ಚಿಪ್ಪು) ಒಂದು ತುಂಡು ಪಂಜರದಲ್ಲಿ ಇದ್ದೇ ಇರಬೇಕು. ರಕ್ತ ಕಳೆದುಕೊಂಡ ಮರಿ ಚೇತರಿಸಿಕೊಳ್ಳುವುದು ಈ ಊಟದಿಂದಲೇ.

ಗೂಡಿನಿಂದ ಕೆಳಗೆ ಬಿದ್ದ ಮರಿ ಸಿಕ್ಕಿದರೆ ಮೊದಲು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ, ಆಮೇಲೆ ಗೂಡಿಗೆ ಬಿಡಿ. ತಣ್ಣಗಿರುವ ಮರಿಯ ಬಾಯಿಗೆ ಏನೂ ಹಾಕಬೇಡಿ, ಜೀರ್ಣವಾಗುವುದಿಲ್ಲ. ಹಾಲು ಯಾವತ್ತೂ ಬೇಡ. ತಾಯ್ತಂದೆ ನಿಜವಾಗಿ ಬಿಟ್ಟುಬಿಟ್ಟರೆ ಇಷ್ಟು ಎಳೆಯ ಮರಿಯನ್ನು ಕೈಯಲ್ಲಿ ಸಾಕುವುದು ಬಹಳ ಕಷ್ಟ. ಯಾರ ಬಳಿಯಾದರೂ ಇದೇ ವಯಸ್ಸಿನ ಮರಿಗಳಿರುವ ಬೆಂಗಾಲೀಸ್ ಫಿಂಚ್ ಜೋಡಿ ಇದೆಯೇ ವಿಚಾರಿಸಿ, ಅವು ಬೇರೆಯವರ ಮರಿಯನ್ನೂ ತಮ್ಮದರಂತೆ ಸಾಕುತ್ತವೆ. ಅದಕ್ಕಾಗಿ ರಾಟವಾಳ (ಮುನಿಯಾ) ತರಬೇಡಿ. ಬಣ್ಣ ಹಚ್ಚಿ ಮಾರುವವರಿದ್ದಾರೆ, ಆದರೆ ಅದು ನಮ್ಮ ಕಾಡುಹಕ್ಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಕುವುದೇ ಅಪರಾಧ.

ರಾತ್ರಿ ದೀಪವನ್ನು ಒಮ್ಮೆಲೇ ಆರಿಸಬೇಡಿ. ಹೊರಗಿದ್ದ ಹಕ್ಕಿಗೆ ಕತ್ತಲಲ್ಲಿ ಗೂಡಿನ ಬಾಯಿ ಕಾಣದೆ ಮರಿಗಳು ಬೆಳಗಿನವರೆಗೆ ಕಾವಿಲ್ಲದೆ ಉಳಿಯುತ್ತವೆ. ನುಸಿ ಕಡಿತಕ್ಕೆ ತಾಯಿ ರಾತ್ರಿ ಗೂಡು ಬಿಟ್ಟೇಳುವುದೂ ಉಂಟು, ಆದ್ದರಿಂದ ಸದ್ಯಕ್ಕೆ ಒಂದು ಜೀರೋ ಬಲ್ಬ್ ಉರಿಯುತ್ತಿರಲಿ.

ಇನ್ನೊಂದು ಮಾತು. ಬಾಲ್ಕನಿಯಲ್ಲಿ ಎಸಿ ಹಿಂದೆ ಪಾರಿವಾಳ ಗೂಡು ಕಟ್ಟಿದೆ ಅಂತ ನೀವು ಹಾಗೇ ಸುಮ್ಮನೆ ಬರೆದಿದ್ದೀರಿ, ನನಗೆ ಅನುಮಾನ ಅದರ ಮೇಲೆಯೇ. ಪಾರಿವಾಳದ ಮರಿ ಹಾರಿಹೋದ ಮೇಲೆ ಹಸಿದ ನುಸಿ ಕಿಟಕಿ ಸಂದಿಯಿಂದ ಒಳಗೆ ಹರಿದು ಬರುತ್ತದೆ. ನಿಮ್ಮ ತೋಳಿನ ಮೇಲೆ ತುರಿಕೆಯ ಕೆಂಪು ಗುಳ್ಳೆ ಎದ್ದಿರುವುದೂ ಇದರಿಂದಲೇ ಇರಬಹುದು. ಅವು ಮನುಷ್ಯರನ್ನು ಕಚ್ಚುತ್ತವೆ, ಮೈಮೇಲೆ ನೆಲೆಯೂರುವುದಿಲ್ಲ. ಪಾರಿವಾಳದ ಗೂಡಿನಲ್ಲಿ ಮರಿ, ಮೊಟ್ಟೆ ಇಲ್ಲ ಅಂತ ಖಚಿತ ಮಾಡಿಕೊಂಡು, ಮಾಸ್ಕ್, ಕೈಗವಸು ಹಾಕಿ, ನೀರು ಚಿಮುಕಿಸಿ ತೆಗೆಸಿ, ಆ ಜಾಗಕ್ಕೆ ಬಲೆ ಕಟ್ಟಿಸಿ. ಅಲ್ಲಿಯವರೆಗೆ ಪಂಜರವನ್ನು ಆ ಕಿಟಕಿಯಿಂದ ದೂರದಲ್ಲಿಡಿ, ಆದರೆ ಒಂದೇ ಸಲ ಬೇರೆ ಕೋಣೆಗೆ ಒಯ್ಯಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿ.

ಮರಿಗಳು ಗೂಡು ಬಿಟ್ಟ ಮೇಲೂ ಕೆಲವು ದಿನ ರಾತ್ರಿ ಮಲಗಲು ಅಲ್ಲಿಗೇ ಬರುತ್ತವೆ. ಸುಮಾರು 35 ದಿನಕ್ಕೆ ತಾವಾಗಿ ಕಾಳು ಬಿಡಿಸಿ ತಿನ್ನತೊಡಗುತ್ತವೆ, ಆಗ ಬೇರೆ ಪಂಜರಕ್ಕೆ ಹಾಕಿ. ಅಷ್ಟರಲ್ಲಿ ತಾಯಿ ಅದೇ ಹಾಸಿನ ಮೇಲೆ ಮತ್ತೆ ಮೊಟ್ಟೆ ಇಡಲು ನೋಡುತ್ತದೆ. ಇಡುವ ಮುಂಚೆಯೇ ಕುಡಿಕೆ ತೆಗೆದುಬಿಡಿ, ಕುದಿಸಿ ಬಿಸಿಲಿಗೆ ಹಾಕಿ, ಒಂದೆರಡು ತಿಂಗಳು ಪಂಜರದಲ್ಲಿ ಗೂಡೇ ಇಲ್ಲದಿರಲಿ. ತಾಯಿಯ ಮೈಯಲ್ಲೂ ರಕ್ತ ತುಂಬಿಕೊಳ್ಳಬೇಕಲ್ಲ.